ಎಸ್ಟೋನಿಯಾದವಳು ‘ಬರ್ತೇನೆ’ ಅಂದಳು

ಕಳೆದ ಭಾನುವಾರ ಬೆಳ್ತಂಗಡಿಯಲ್ಲಿ ನಾನೊಂದು ಮದುವೆ ಕುದುರಿಸಿದೆ. ಹುಡುಗ ಎಸ್ಟೋನಿಯಾದವನು, ಹುಡುಗಿಯೂ ಅಲ್ಲಿಯವಳೇ. ಹುಡುಗಿ ಒಪ್ಪಿರಲಿಲ್ಲ, ಅಷ್ಟೇ!

ನಮ್ಮ ಓದುಗರ ಕೂಟದಲ್ಲಿ ಅವತ್ತು ಸಿನಿಮಾ. ಎಸ್ಟೋನಿಯಾ ಎಲ್ಲುಂಟು ಅಂತ ಕೇಳಬೇಡಿ, ನಾನೂ ಅವತ್ತು ಬೆಳಿಗ್ಗೆಯೇ ಮ್ಯಾಪಲ್ಲಿ ನೋಡಿದ್ದು. ಅಲ್ಲಿಯ ಜನ ಅಜ್ಜಂದಿರ ಕಾಲದಿಂದ ಓದಿಕೊಂಡು ಬಂದ ಪುಸ್ತಕ ಸರಣಿಯೊಂದು ಉಂಟಂತೆ, ಅದರದ್ದೇ ಸಿನಿಮಾ. ಹಳೆಯ ಪುಸ್ತಕದಲ್ಲಿ ಶಾಲೆಗೆ ಹೋಗುತ್ತಿದ್ದವನಿಗೆ ಈ ಸಿನಿಮಾದಲ್ಲಿ ಮದುವೆಯ ಗಡಿಬಿಡಿ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ. ಹಾಗಾಗಿ ಮೈಕ್ ಹಿಡಿದು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. (ಮೈಕ್ ಸಿಕ್ಕಿದರೆ ನಾನು ಬಿಡುವುದುಂಟೇ?)

ಮೊದಲ ಸಾಲಲ್ಲಿ ಸದಾಶಿವಣ್ಣ. ಬಂಟ್ವಾಳದಲ್ಲಿ ಮನೆ, ಅಲ್ಲೇ ಜೆರಾಕ್ಸ್ ಅಂಗಡಿ, ನಲವತ್ತು ದಾಟಿದೆ, ಮದುವೆಯಾಗಿಲ್ಲ. ಒಂದು ಕುರ್ಚಿ ಬಿಟ್ಟು ಮೂಡುಬಿದಿರೆ ಶಾಲೆಯ ಸುನಂದಾ ಟೀಚರ್. ಅವರಿಗೂ ಆಗಿಲ್ಲ. ನಡುವಿನ ಕುರ್ಚಿಯಲ್ಲಿ ಎರಡು ವರ್ಷದಿಂದ ಇಬ್ಬರ ಬ್ಯಾಗುಗಳು ಜೋಡಿಯಾಗಿ ಕೂರುತ್ತವೆ. ಇವರು ಮಾತ್ರ ಪುಸ್ತಕ ಬಿಟ್ಟು ಬೇರೆ ಮಾತಾಡುವುದಿಲ್ಲ.

ಸಿನಿಮಾದ ನಾಯಕ ಕೊನೆಗೂ ಧೈರ್ಯ ಮಾಡಿ ಕೇಳಿದ, ‘ನಮ್ಮ ಮನೆಗೆ ಬರ್ತೀಯಾ, ಶಾಶ್ವತವಾಗಿ?’ ಅವಳು ಕೋಟು ಹಾಕಿಕೊಂಡು, ‘ಐ ಆಮ್ ಗೋಯಿಂಗ್’ ಅಂದಳು.

ನಾನು ಮೈಕಲ್ಲಿ ‘ಬರ್ತೇನೆ’ ಅಂದೆ.

ಏನು ಮಾಡಲಿ? ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅಂದರೆ ನನ್ನ ಅಜ್ಜಿ ಬೈದು ವಾಪಸು ಕೂರಿಸುತ್ತಿದ್ದರು. ತುಳುವಿನಲ್ಲೂ ‘ಬರ್ಪೆ’ಯೇ. ನಮ್ಮಲ್ಲಿ ಹೋಗುವವರೇ ಇಲ್ಲ, ಎಲ್ಲರೂ ಬರುವವರೇ!

ಜನ ಚಪ್ಪಾಳೆ ಹೊಡೆದರು. ಸದಾಶಿವಣ್ಣ ಎದ್ದು ನಿಂತೇ ಹೊಡೆದರು. ಮುಂದಿನ ದೃಶ್ಯದಲ್ಲಿ ನಾಯಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ‘ಆನಂದಬಾಷ್ಪ’ ಅಂತ ಹಿಂದಿನಿಂದ ಯಾರೋ ವಿವರಿಸಿದರು. ತಿದ್ದುವ ಬದಲು ಆಮೇಲಿನ ಅರ್ಧ ಗಂಟೆ ಕಥೆಯನ್ನು ನಾನೇ ಕಟ್ಟಿದೆ. (ಪುಣ್ಯಕ್ಕೆ ರೊಮ್ಯಾಂಟಿಕ್ ಕಾಮಿಡಿ, ಕೊನೆಗೆ ಅವರು ಒಂದಾದರು.)

ಸಿನಿಮಾ ಮುಗಿದು ಚಾ, ಗೋಳಿಬಜೆ ನಡೆಯುತ್ತಿತ್ತು. ಸದಾಶಿವಣ್ಣ ಓಡಿ ಬಂದರು. ಕಿವಿಯೆಲ್ಲ ಕೆಂಪು.

‘ಅಕ್ಕಾ, ಕೇಳಿಯೇಬಿಟ್ಟೆ ಮಾರಾಯ್ರೆ!’

‘ಯಾರಲ್ಲಿ? ಎಂತ?’

‘ಟೀಚರ್ ಹತ್ರ. ನಮ್ಮ ಮನೆಗೆ ಬರ್ತೀರಾ, ಶಾಶ್ವತವಾಗಿ, ಅಂತ. ಆ ಎಸ್ಟೋನಿಯಾದವನಿಗೆ ಧೈರ್ಯ ಉಂಟಾದ್ರೆ ನನಗೆಂತ ಕಡಿಮೆ?’

‘ಅವರೆಂತ ಹೇಳಿದ್ರು?’

‘ಬ್ಯಾಗ್ ಹೆಗಲಿಗೆ ಹಾಕಿದ್ರು. ನಗಾಡಿದ್ರು. ಬರ್ತೇನೆ ಅಂದ್ರು. ಸೀದಾ ಮೂಡುಬಿದಿರೆ ಬಸ್ ಹತ್ತಿದ್ರು!’

ಕಚ್ಚಿದ ಗೋಳಿಬಜೆಯನ್ನು ತಟ್ಟೆಗೆ ವಾಪಸು ಇಟ್ಟೆ. ಪಾಪದ ಮನುಷ್ಯನ ಎರಡು ವರ್ಷದ ಆಸೆ ನನ್ನ ಒಂದು ತಪ್ಪು ಶಬ್ದದ ಮೇಲೆ ನಿಂತಿತ್ತಲ್ಲ! ಹೆದರಿಕೊಂಡೇ ನಿಜ ಹೇಳಿದೆ. ಸಿನಿಮಾದವಳು ಒಪ್ಪಿದ್ದಲ್ಲ, ಹೊರಟದ್ದು.

ಸದಾಶಿವಣ್ಣ ಅಲ್ಲೇ ಕುರ್ಚಿಯಲ್ಲಿ ಕುಸಿದರು. ‘ಹಾಗಾದ್ರೆ ಅಕ್ಕಾ, ಟೀಚರದ್ದು ಯಾವ ಬರ್ತೇನೆ?’

ಈ ಶಬ್ದಕ್ಕೆ ಯಾವ ಡಿಕ್ಷನರಿ ನೋಡಬೇಕು? ಫೋನ್ ಮಾಡಿ ಕೇಳುವ ಅಂದರೆ ಅವರು ಬಿಡಲಿಲ್ಲ. ಮುಖ ನೋಡಲಾಗದೆ ನಾನು ಮನೆಗೆ ಬಂದೆ. (ಹೊರಡುವಾಗ ಏನೂ ಹೇಳಲಿಲ್ಲ, ಕೈ ಮಾತ್ರ ಬೀಸಿದೆ.)

ಸೋಮವಾರ ಬೆಳಿಗ್ಗೆ ಟೀಚರದ್ದೇ ಫೋನ್. ಅವರ ದನಿಯಲ್ಲಿ ನಗು ತಡೆದ ಹಾಗಿತ್ತು.

‘ಅಕ್ಕಾ, ನಮ್ಮ ಶಾಲೆಯ ಬೆಲ್ ಒಂಬತ್ತೂವರೆಗೆ. ಬಂಟ್ವಾಳದಿಂದ ಮೂಡುಬಿದಿರೆಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ ಉಂಟು?’

ಬಂಟ್ವಾಳಕ್ಕೆ ಅಲ್ಲ ಮಾರಾಯ್ರೆ, ಬಂಟ್ವಾಳದಿಂದ!