ಟೇಪಕ್ಕನ ಎರಡು ಬೆರಳು

ನಮ್ಮಕ್ಕನ್ನ ಬಂದರಲ್ಲಿ ಎಲ್ಲರೂ ಟೇಪಕ್ಕ ಅಂತಾರೆ. ಎಣ್ಣೆ ಟ್ಯಾಂಕ್ ಹತ್ತಿ, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಟೇಪು ಒಳಗೆ ಬಿಟ್ಟು ಅಳೆಯೋದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಆಯ್ತು. ನಾನು ಅಲ್ಲೇ ವಾಲ್ವ್ ತಿರುಗಿಸೋನು. ಹೆಚ್ಚು ಓದಿಲ್ಲ, ಕಂಡಿದ್ದು ಬರೀತೀನಿ.

ಮೊದಲು ಅವಳ ಅಳತೆಗೆ ಬೆಲೆ ಇರಲಿಲ್ಲ. ಎಣ್ಣೆ ತುಂಬಿಸಿದ ದೇಶದೋರು ಹಡಗಿನ ಕಾಗದದಲ್ಲಿ ಏನು ಬರೆದಿರ್ತಾರೋ ಅದೇ ಲೆಕ್ಕ. ಜಗಳ ಬಂದ್ರೆ ಅವರ ಕೋರ್ಟಿಗೇ ಹೋಗಬೇಕು. ಅದಕ್ಕೇ ಇಲ್ಲೊಂದು ರೂಢಿ. ಮೊದಲು ಹಡಗಿನ ಅಂಕಿ ನಮ್ಮ ಪುಸ್ತಕಕ್ಕೆ ಇಳಿಸೋದು, ಆಮೇಲೆ ಶಾಸ್ತ್ರಕ್ಕೆ ಟ್ಯಾಂಕ್ ಹತ್ತೋದು. ಅಕ್ಕನೂ ಹಂಗೇ ಮಾಡ್ತಿದ್ಲು. ಆದ್ರೆ ನಿಜವಾದ ಅಂಕೀನ ಅಂಚಿನಲ್ಲಿ ಪೆನ್ಸಿಲಲ್ಲಿ ಬರೆದಿಡೋಳು. ಯಾರು ನೋಡ್ತಾರೆ ಅಂದ್ರೆ, "ನಾನು ನೋಡ್ತೀನಲ್ಲ" ಅನ್ನೋಳು.

ನಮ್ಮ ದೇಶ ಬೆಳೀತು. ನಮ್ಮಷ್ಟು ಎಣ್ಣೆ ಕೊಳ್ಳೋರು ಬೇರೆ ಯಾರೂ ಇಲ್ಲ ಅನ್ನೋ ಹಾಗಾಯ್ತು. ದೊಡ್ಡೋರು ದೇಶ ದೇಶದ ಸಭೇಲಿ ವರ್ಷಗಟ್ಟಲೆ ಪಟ್ಟು ಹಿಡಿದು ಕೂತು ಕಾನೂನನ್ನೇ ತಿರುಗಿಸಿದ್ರು. ಇನ್ಮೇಲೆ ಎಣ್ಣೆ ಇಳಿಯೋ ಕಡೆ ಅಳತೆ, ಅದೇ ಕೊನೆ ಮಾತು. ಜಗಳಾನೂ ಇಲ್ಲೇ ತೀರ್ಮಾನ. ನಮ್ಮ ಮ್ಯಾನೇಜರು ಆ ಆದೇಶಾನ ಗೋಡೆಗೆ ಅಂಟಿಸಿ, "ಇಷ್ಟು ವರ್ಷ ಅವರು ನಮಗೆ ಟೋಪಿ ಹಾಕಿದ್ರು. ಈಗ ಟೇಪು ನಮ್ಮ ಕೈಲಿದೆ" ಅಂತ ಎದೆ ಉಬ್ಬಿಸಿದ್ರು.

ಹೊಸ ಕಾನೂನಿನ ಮೊದಲ ಹಡಗು ಬಂತು. ಎಣ್ಣೆ ಇಳೀತು. ಅಕ್ಕ ಮೂರು ಸಲ ಅಳೆದ್ಲು. ಹಡಗಿನ ಕಾಗದಕ್ಕಿಂತ ಎರಡು ಬೆರಳು ಜಾಸ್ತಿ. ಆ ಟ್ಯಾಂಕಲ್ಲಿ ಎರಡು ಬೆರಳು ಅಂದ್ರೆ ಎರಡು ಲಾರಿ ಎಣ್ಣೆ. ಅಷ್ಟಕ್ಕೂ ನಾವೇ ದುಡ್ಡು ಕೊಡಬೇಕು.

ಸುದ್ದಿ ಕೇಳಿ ಮ್ಯಾನೇಜರು ಏದುಸಿರು ಬಿಡ್ತಾ ಮೇಲೆ ಹತ್ತಿ ಬಂದ್ರು. "ಅಡೀಲಿ ನೀರಿರುತ್ತೆ ಕಣಮ್ಮ, ನೋಡು."

ಅಕ್ಕ ಗುಂಡಿಗೆ ಹಳದಿ ಮುಲಾಮು ಹಚ್ಚಿ ಇಳಿಬಿಟ್ಲು. ನೀರು ತಾಕಿದ್ರೆ ಅದು ಕೆಂಪಾಗುತ್ತೆ. ಟೇಪು ಎಳೆಯೋಕೆ ನಾನೂ ಮೇಲಿದ್ದೆ, ಎಳೆದು ನೋಡಿದ್ವಿ. ಹಳದಿಯೇ ಇತ್ತು.

"ಸರಿ, ಇದೊಂದು ಸಲ ಹಡಗಿನ ಅಂಕೀನೇ ಬರೆದುಬಿಡು."

"ಅದನ್ನ ನಂಬಬಾರದು ಅಂತ ತಾನೇ ಸಾರ್ ಕಾನೂನು ತಂದಿದ್ದು?"

"ನೀನು ಯಾರ ಕಡೆಯೋಳು?"

"ಇಷ್ಟು ಎತ್ತರದಿಂದ ಕಡೆಗಿಡೆ ಏನೂ ಕಾಣಲ್ಲ ಸಾರ್. ಎಣ್ಣೆ ಕಾಣುತ್ತೆ."

ಅವರೆದುರೇ ಪೆನ್ನು ತೆಗೆದು ಅಂಕಿ ಬರೆದ್ಲು. ಅಂಚಿನಲ್ಲಿ ಅಲ್ಲ, ಪುಸ್ತಕದ ಲೆಕ್ಕದ ಅಂಕಣದೊಳಗೇ.

ಮಾರನೇ ದಿನ ಅವಳನ್ನ ಗೇಟಿಗೆ ಹಾಕಿದ್ರು, ಲಾರಿ ನಂಬರ್ ಬರೆಯೋಕೆ. ನನಗೆ ತಡೀಲಿಲ್ಲ. "ಸುಮ್ನೆ ಬರೆದಿದ್ರೆ ಏನಾಗ್ತಿತ್ತಕ್ಕ?"

"ಇಪ್ಪತ್ತೆರಡು ವರ್ಷ ಅವರಿಗೋಸ್ಕರ ಸುಳ್ಳು ಬರೆದೆ. ಈಗ ನಮಗೋಸ್ಕರ ಬರೀಲಾ? ಹೋಗೋ, ವಾಲ್ವ್ ತಿರುಗಿಸು."

ಎರಡು ತಿಂಗಳಾದ ಮೇಲೆ ಅದೇ ಹಡಗು, ಅದೇ ಕ್ಯಾಪ್ಟನ್. ಈ ಸಲ ನಾಲ್ಕು ಬೆರಳು ಕಮ್ಮಿ ಬಂತು. ಹೊಸಬ ಅಳೆದಿದ್ದ. ಕ್ಯಾಪ್ಟನ್ ಸಹಿ ಹಾಕಲ್ಲ ಅಂದ. "ಹೋದ ಸಲ ಜಾಸ್ತಿ ಇದ್ದಿದ್ದನ್ನ ಜಾಸ್ತಿ ಅಂತಲೇ ಬರೆದ್ರಲ್ಲ, ಆ ಅಮ್ಮ ಎಲ್ಲಿ? ಅವರು ಅಳೆದ್ರೆ ಹಾಕ್ತೀನಿ."

ಮ್ಯಾನೇಜರು ಗೇಟಿಗೆ ನಡ್ಕೊಂಡೇ ಬಂದ್ರು. ಅಕ್ಕ ತಲೆ ಎತ್ತಲಿಲ್ಲ.

"ಈ ಲಾರಿ ಮುಗಿಸಿ ಬರ್ತೀನಿ ಸಾರ್. ನೀವು ಮಾತ್ರ ಮೇಲೆ ಹತ್ತಬೇಡಿ."

ಹತ್ತಿದ್ಲು, ಅಳೆದ್ಲು. ನಾಲ್ಕು ಬೆರಳು ಕಮ್ಮಿಯೇ. ಕ್ಯಾಪ್ಟನ್ ಸಹಿ ಹಾಕಿದ. ಅಕ್ಕ ಆವತ್ತಿಂದ ಗೇಟಿಗೆ ಹೋಗಿಲ್ಲ. ಮ್ಯಾನೇಜರು ಏಣಿ ಹತ್ರ ಕೆಳಗೇ ನಿಂತಿರ್ತಾರೆ.