ಕೌದಿಯ ನಾಲ್ಕನೆಯ ಮೂಲೆ

“ಈ ತಗಡಿನ ಖೋಲ್ಯಾಗ ಕುಂತು ಡಿಗ್ರಿ ತಗೋತಾಳಂತ! ಚಳಿಗೇ ಪುಸ್ತಕ ಮುಚ್ಚತಾಳ,” ಎಂದು ನನ್ನನ್ನು ನೋಡಿ ನಕ್ಕವರು ನನ್ನ ಸೋದರಮಾವ. ಮುಂಬಯಿಯ ವಿಕ್ರೋಳಿಯ ಗುಡ್ಡದ ಮೇಲಿನ ನಮ್ಮ ಒಂದೇ ಕೋಣೆಯ ಖೋಲಿಗೆ ಜನವರಿಯ ಬೆಳಗಿನ ಗಾಳಿ ತಗಡಿನ ಸಂದುಗಳಿಂದ ನುಗ್ಗುತ್ತಿತ್ತು. ಹೊಸ ರಗ್ಗು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಚಿಕ್ಕಮ್ಮನೆಂಬಂತೆ ನಾವು ‘ಖಾಲಾ’ ಎಂದು ಕರೆಯುತ್ತಿದ್ದ ಪಕ್ಕದ ಖೋಲಿಯ ಹೆಂಗಸು ವಿಜಯಪುರದ ಕಡೆಯವರು, ಹಳೆಯ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿದು ಬದುಕುವವರು. ಅವರು ಮೊದಲು ಸಂದುಗಳಿಗೆ ಹಳೆಯ ಪೇಪರ್ ತುರುಕಿದರು. ಆಮೇಲೆ ಅವ್ವನ ಹಳೆಯ ಸೀರೆಗಳನ್ನು ಕೇಳಿ ಪಡೆದು, ನನ್ನನ್ನೇ ನೆಲದ ಮೇಲೆ ಮಲಗಿಸಿ ಅಳತೆ ತೆಗೆದರು. ಪ್ರತಿ ಮೂಲೆಗೂ ಒಂದು ಚಿಟಿಕೆ ಅಕ್ಕಿ ಹಾಕಿ ಹೊಲಿಯುವುದು ಅವರ ಪದ್ಧತಿ. “ಹಸದ ಕೌದಿ ಬೆಚ್ಚಗ ಇಡೂದಿಲ್ಲ, ಬೇಟಾ,” ಎನ್ನುತ್ತಿದ್ದರು. ನನ್ನದರಲ್ಲಿ ಮಾತ್ರ ನಾಲ್ಕನೆಯ ಮೂಲೆಯನ್ನು ತೆರೆದೇ ಬಿಟ್ಟರು. “ಇದು ಉಪಾಸ ಇರಲಿ. ನೀ ಡಿಗ್ರಿ ತಂದ ದಿನ ಉಣಸ್ತೀನಿ.”

ಮೂರು ಚಳಿಗಾಲ ಅದನ್ನೇ ಹೊದ್ದು ಓದಿದೆ. ತೂಕಡಿಕೆ ಬಂದಾಗ ಬೆರಳು ಆ ಮೂಲೆಗೇ ಹೋಗುತ್ತಿತ್ತು.

ಡಿಗ್ರಿ ಮುಗಿದು ಬಂದ ಸರ್ಟಿಫಿಕೇಟನ್ನು ಮೊದಲು ಖಾಲಾರ ಕೈಗಿಟ್ಟೆ. ಅವರು ಅದನ್ನು ಪಕ್ಕದಲ್ಲಿದ್ದ ಮಾವನಿಗೆ ದಾಟಿಸಿ, ಸೂಜಿಗೆ ದಾರ ಪೋಣಿಸಲು ನನಗೆ ಹೇಳಿದರು. ಅಕ್ಕಿ ಹಾಕಿ ಮೂಲೆ ಮುಚ್ಚಿದರು. ಅಷ್ಟರಲ್ಲಿ ಮಾವ ಓದಿ ಮುಗಿಸಿದ್ದರು.

“ಖಾಲಾ, ನನ್ನ ಮಗಳಿಗೂ ಒಂದು ಹೊಲೀರಿ. ಒಂದು ಮೂಲಿ ಬಿಟ್ಟು.”