ಗಾಲ್ವೇಯ ತೊಟ್ಟಿಮನೆಗೆ ನೆಲ ಹಾಕಿದ ಶಫೀ

ಪರದೇಶದ ಗಾಲ್ವೇ ಊರಲ್ಲಿ ನಾವು ಕಟ್ಟಿದ ಪ್ರದರ್ಶನದ ಮನೆಯ ಬಾಗಿಲಲ್ಲಿ ಒಂದು ಫಲಕ ಇದೆ. ದುಡ್ಡು ಕೊಟ್ಟವರು, ನಕ್ಷೆ ಬರೆದವರು, ರಿಬ್ಬನ್ ಕತ್ತರಿಸಿದವರು, ಎಲ್ಲರ ಹೆಸರೂ ಅದರಲ್ಲಿದೆ. ಇಪ್ಪತ್ತಾರು ದಿನ ಮಂಡಿಯೂರಿ ನೆಲ ಹಾಕಿದ ಶಫೀ ಹೆಸರಿಲ್ಲ. ಎರಡು ವರ್ಷ ಆಯ್ತು, ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಶಫೀಗೆ ಮಾತ್ರ ಉರಿಯುವುದಿಲ್ಲ. "ಬಿಡಿ ಮಧಣ್ಣ, ಜನ ಕಾಲಿಡೋದು ನೆಲದ ಮೇಲೆ, ಹೆಸರಿನ ಮೇಲಲ್ಲ" ಅಂತಾನೆ.

ನಾನು ಮಧುಸೂದನ, ಐದನೇ ಕ್ಲಾಸಿಗೇ ಸ್ಲೇಟು ಎಸೆದು ಗಾರೆ ಕೆಲಸಕ್ಕೆ ಬಿದ್ದವನು. ಶಫೀ ಬೆಂಗಳೂರಿನ ಟ್ಯಾನರಿ ರಸ್ತೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಟೈಲ್ಸ್ ಕೆಲಸದಲ್ಲಿ ನನಗಿಂತ ಬಹಳ ದೊಡ್ಡವನು. ಗಾಲ್ವೇಯಲ್ಲಿ ಬೇರೆ ಮನೆ ಸಿಗದೆ ಇಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವನ ಬಾಯಲ್ಲಿ ಒಂದು ಕೆಟ್ಟ ಮಾತು ಬಂದದ್ದಿಲ್ಲ. ಅವನ ಪಾಲಿನದನ್ನೂ ನಾನೇ ಬೈದು ಮುಗಿಸುತ್ತಿದ್ದೆ.

ಹಳೇ ಕಾಲದ ರೋಮಿನ ಸಾಹುಕಾರನೊಬ್ಬನ ಮನೆ ಹೇಗಿತ್ತೋ ಹಾಗೇ ಕಟ್ಟಿ ತೋರಿಸುವ ಕೆಲಸ ಅದು. ನಕ್ಷೆ ನೋಡಿದ ಕೂಡಲೇ ನಾನಂದೆ, "ಇದು ನಮ್ಮ ಮೈಸೂರು ಕಡೆ ತೊಟ್ಟಿಮನೆ ಕಣೋ!" ನಡುವೆ ಚಾವಣಿ ಇಲ್ಲದ ಬಯಲು, ಅದರ ಕೆಳಗೆ ಮಳೆನೀರಿನ ತೊಟ್ಟಿ, ಸುತ್ತ ಕೋಣೆಗಳು. ಕೆಂಪು ಗೋಡೆಯ ಮೇಲೆ ಅಂಜೂರ ಕುಕ್ಕುವ ಹಕ್ಕಿಗಳು. ನೆಲದಲ್ಲಿ ಕಡಲೆಕಾಳಿನಷ್ಟು ಕಲ್ಲುಚೂರು ಜೋಡಿಸಿ ಮೀನು, ಏಡಿ, ಆಕ್ಟೋಪಸ್. ಶಫೀ ಒಂದೊಂದು ಚೂರನ್ನೂ ತೋಳಿಗೆ ಒರೆಸಿ ಕೂರಿಸುತ್ತಿದ್ದ. ಏಡಿಯ ಕಣ್ಣಿಗೆ ಒಪ್ಪುವ ಕಪ್ಪು ಸಿಗದೆ ಅರ್ಧ ದಿನ ಕಳೆದ.

"ಕುರುಡು ಏಡಿ ಮಾಡಿದ್ರೆ ಸಾಹುಕಾರ ಬೈಯಲ್ವಾ?" ಅಂದ.

"ಅವನು ಸತ್ತು ಎರಡು ಸಾವಿರ ವರ್ಷ ಆಯ್ತಲ್ಲೋ."

"ನೋಡೋರು ಬದುಕೇ ಅವ್ರಲ್ಲಾ."

ಕಲ್ಲು ಕೂರಿಸುವ ಮೊದಲು ಅಡಿಯ ಗಾರೆ ಹಾಸಿದ್ದು ನಾನು. "ನಕ್ಷೇಲಿ ನೆಲ ಸಪಾಟು ಐತೆ, ವಾಟ ಕೊಡಬೇಡಿ" ಅಂದಿದ್ದ ಶಫೀ. ವಾಟ ಅಂದರೆ ನೀರು ಹರಿದುಹೋಗಲಿ ಎಂದು ನಾವು ನೆಲಕ್ಕೆ ಕೊಡುವ ಇಳಿಜಾರು. ನನಗೆ ರೇಗಿತು. "ಮೇಲೆ ಬಯಲು ಬಿಟ್ಟು ಕೆಳಗೆ ವಾಟ ಬೇಡ್ವಾ? ನೀರು ನಿಂತ್ರೆ ನಿಮ್ಮಪ್ಪ ಬಂದು ಬಳೀತಾನಾ?" ಅಂದವನೇ ದಾರ ಕಟ್ಟಿ ತೊಟ್ಟಿಯ ಕಡೆಗೆ ಎರಡು ಬೆರಳು ಇಳಿಸಿಬಿಟ್ಟೆ. ತೊಳೆಯಲಾಗದ ನೆಲವೂ ಒಂದು ನೆಲವೇ?

ಕೆಲಸ ಮುಗಿದ ಬೆಳಿಗ್ಗೆ ಮೇಸ್ತ್ರಿ ಫಿನ್‌ಬಾರ್ ಬಂದು ನೆಲದ ಮಟ್ಟ ನೋಡುವ ಲೆವೆಲ್ ಪಟ್ಟಿ ಇಟ್ಟ. ಅದರೊಳಗಿನ ಗಾಳಿಗುಳ್ಳೆ ಒಂದೇ ಪಕ್ಕಕ್ಕೆ ಓಡಿತು.

"ಯಾರ ಕೆಲಸ ಇದು? ಎಲ್ಲಾ ಕಿತ್ತುಹಾಕಬೇಕು. ಮಾಡಿದವನಿಗೆ ಇವತ್ತೇ ಕೊನೇ ದಿನ!"

ಜಗಳ ಆಡಿದ್ದಕ್ಕೆ ನನಗೆ ಆಗಲೇ ಎರಡು ವಾರ್ನಿಂಗ್ ಆಗಿತ್ತು. ಶಫೀ ಕಥೆ ಇನ್ನೂ ಕಷ್ಟ. ಆ ದೇಶದಲ್ಲಿ ಇರಲು ಕೊಟ್ಟ ಅವನ ಪರ್ಮಿಟ್ ಈ ಕೆಲಸಕ್ಕೇ ಅಂಟಿಕೊಂಡಿತ್ತು. ಹೆಂಡತಿ ಬಾನು, ಮಗಳು ತಹ್ರೀಮ್ ಮುಂದಿನ ವಾರ ವಿಮಾನ ಹತ್ತುವವರಿದ್ದರು. ಕೆಲಸ ಹೋದರೆ ಅವರು ಬರುವಂತಿಲ್ಲ. ಆ ಹೊತ್ತಲ್ಲಿ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಶಫೀ ಮುಂದೆ ಬಂದು, "ನಾನೇ ಮಾಡಿದ್ದು. ಇವರು ನಾನು ಹೇಳಿದ ಹಾಗೆ ಗಾರೆ ಕಲಸಿದ್ರು, ಅಷ್ಟೇ" ಅಂದ.

"ಹತ್ತು ಗಂಟೆಗೆ ನಕ್ಷೆ ಬರೆದ ಯೂನಿವರ್ಸಿಟಿ ಮೇಡಂ ಬರ್ತಾರೆ. ಅವರ ಮುಂದೆಯೂ ಇದನ್ನೇ ಹೇಳು" ಅಂದ ಫಿನ್‌ಬಾರ್.

ಮೇಡಂ ಒಳಗೆ ಕಾಲಿಡುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಚಾವಣಿ ಇಲ್ಲದ ಬಯಲಿಂದ ಗಾಳಿ ನೀರನ್ನು ನೆಲದ ತುಂಬ ಎರಚಿತು. ಶಫೀ ಕಣ್ಣು ಮುಚ್ಚಿಕೊಂಡ. ನೀರು ಮಾತ್ರ ನಿಲ್ಲಲಿಲ್ಲ. ಮೀನಿನ ಬೆನ್ನ ಮೇಲೆ ಜಾರಿ, ಏಡಿಯನ್ನು ಸುತ್ತಿ, ತೊಟ್ಟಿಗೆ ಇಳಿದುಹೋಯಿತು. ಒದ್ದೆ ಕಲ್ಲು ಮಿಂಚಿ ಸಮುದ್ರವೇ ಎದ್ದು ಬಂದ ಹಾಗಿತ್ತು.

ಮೇಡಂ ಕೂತು ನೆಲ ಸವರಿದರು. "ಈ ಮನೆಯಲ್ಲಿ ಬೆಳಗಾದರೆ ಸಾಹುಕಾರನನ್ನು ಕಾಣಲು ಜನ ಸಾಲುಗಟ್ಟೋರು. ಅವರು ಬರೋ ಮೊದಲು ಆಳುಗಳು ಇದನ್ನು ತೊಳೆದು ನೀರು ತಳ್ಳಬೇಕಿತ್ತು. ಸಪಾಟು ಬರೆದದ್ದು ನಮ್ಮ ತಪ್ಪು. ಇದನ್ನ ಯಾರೂ ಮುಟ್ಟಬೇಡಿ."

"ಹಾಗಾದ್ರೆ ಗ್ರ್ಯಾಂಡ್" ಅಂದ ಫಿನ್‌ಬಾರ್, ಲೆವೆಲ್ ಪಟ್ಟಿ ಎತ್ತಿಕೊಂಡು. ಅಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಸರಿ ಅಂತ.

ಶಫೀ ಒದ್ದೆ ನೆಲದ ಮೇಲೇ ಕೂತು ಬಾನುಗೆ ಫೋನ್ ಹಚ್ಚಿದ. "ಏನಿಲ್ಲ ಕಣೇ. ಇಲ್ಲಿ ಚಳಿ ಜಾಸ್ತಿ, ಮಗೂಗೆ ಸ್ವೆಟರ್ ಹಾಕಿ ಕರ್ಕೊಂಡು ಬಾ." ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು.

ಈಗ ಶಫೀ, ಬಾನು, ತಹ್ರೀಮ್ ಮೂವರೂ ಇನ್ನೊಂದು ಊರಾದ ಡಗ್ಲಸ್‌ನಲ್ಲಿದ್ದಾರೆ. ಹೋದ ತಿಂಗಳು ಹೋಗಿದ್ದಾಗ, "ಶಫೀ, ಅವತ್ತು ನಾನು..." ಅಂತ ಶುರು ಮಾಡಿದೆ.

"ಟೀ ಆರ್ತೈತೆ, ಕುಡೀರಿ" ಅಂದ.

ಕುಡಿದು ಎದ್ದು ಬಂದೆ.